ಜೆಎಸ್‌ಪಿ ಬದಲಿಸಿದರೂ ಹಳೇ ಪುಟವೇ ಬರ್ತಿದ್ರೆ

ಎಲ್ಲರ ಗಮನಕ್ಕೆ. ಕಾಫಿ ಬಿಲ್ ಪುಟದಲ್ಲಿ (ಅದೊಂದು ಜೆಎಸ್‌ಪಿ, ಅಂದ್ರೆ ಜಾವಾ ಕೋಡ್ ಸೇರಿಸಿ ಬರೆದ ವೆಬ್ ಪುಟದ ಫೈಲ್) 50 ಕೆಜಿ ಮೂಟೆಯ ಲೆಕ್ಕ ಸರಿಮಾಡಿ ನಿನ್ನೆ ಹಾಸನದ ಸರ್ವರ್‌ಗೆ ಹಾಕಿದ್ದೆ. ಬೆಳಿಗ್ಗೆಯಿಂದ ಸಕಲೇಶಪುರ, ಬೇಲೂರು ಕೌಂಟರ್‌ಗಳಿಂದ ಒಂದೇ ಗೋಳು: ‘ಹಳೇದೇ ಬರ್ತಿದೆ.’ ಬ್ರೌಸರ್ ಉಳಿಸಿಕೊಂಡ ಹಳೇ ಪ್ರತಿ ಬಿಟ್ಟು ಹೊಸದಾಗಿ ತರಲಿ ಅಂತ ಕಂಟ್ರೋಲ್ ಎಫ್5 ಒತ್ತಿಸಿದೆ, ಉಪಯೋಗವಾಗಲಿಲ್ಲ. ಪಾಪ, ಬ್ರೌಸರ್‌ದೇನೂ ತಪ್ಪಿರಲಿಲ್ಲ.

ಟಾಮ್‌ಕ್ಯಾಟ್ (ಸರ್ವರ್‌ನಲ್ಲಿ ನಮ್ಮ ಪುಟಗಳನ್ನು ನಡೆಸೋ ಸಾಫ್ಟ್‌ವೇರ್) ನಮ್ಮ ಜೆಎಸ್‌ಪಿಯನ್ನು ನೇರವಾಗಿ ಓಡಿಸಲ್ಲ. ಮೊದಲು ಅದನ್ನು ಸರ್ವ್‌ಲೆಟ್ ಅನ್ನೋ ಜಾವಾ ಪ್ರೋಗ್ರಾಂ ಮಾಡಿ, ಕಂಪೈಲ್ ಮಾಡಿ (ಓಡೋ ರೂಪಕ್ಕೆ ತಂದು), ಹಾಗೆ ಸಿದ್ಧವಾದ ಕ್ಲಾಸ್ ಫೈಲನ್ನು ತನ್ನ ವರ್ಕ್ ಫೋಲ್ಡರ್‌ನಲ್ಲಿ ಇಟ್ಟುಕೊಳ್ಳುತ್ತೆ. ಡೆವಲಪ್‌ಮೆಂಟ್ ಮೋಡ್ ಅನ್ನೋ ಸೆಟ್ಟಿಂಗ್ ಆನ್ ಇದ್ರೆ ಮೂಲ ಜೆಎಸ್‌ಪಿ ಫೈಲ್ ಬದಲಾಗಿದೆಯಾ ಅಂತ ನೋಡುತ್ತೆ (ಡಿಫಾಲ್ಟ್ ಅಂತರ 4 ಸೆಕೆಂಡ್). ನಮ್ಮಲ್ಲಿ ವೇಗಕ್ಕೆ ಅಂತ ಅದನ್ನು ಆಫ್ ಮಾಡಿದ್ದೀವಿ. ಸಾಲದ್ದಕ್ಕೆ ನಾನು ಜಿಪ್‌ನಿಂದ ಬಿಚ್ಚಿದ ಫೈಲ್‌ಗೆ ಹಳೇ ತಾರೀಖು ಇತ್ತು. ನಮ್ಮ ಹಳೇ ಟಾಮ್‌ಕ್ಯಾಟ್‌ಗೆ ಕ್ಲಾಸ್ ಫೈಲೇ ಹೊಸದಾಗಿ ಕಂಡಿದೆ, ಅದಕ್ಕೇ ಮತ್ತೆ ಕಂಪೈಲ್ ಮಾಡಿಲ್ಲ, ರೀಸ್ಟಾರ್ಟ್ ಮಾಡಿದರೂ ಜಗ್ಗಲಿಲ್ಲ.

ಇನ್ನು ಮುಂದೆ ಹೀಗಾದ್ರೆ ಸರ್ವರ್ ನಿಲ್ಲಿಸಿ, ವರ್ಕ್ ಒಳಗೆ ಕ್ಯಾಟಲೀನಾ, ಅದರೊಳಗೆ ಲೋಕಲ್‌ಹೋಸ್ಟ್, ಅಲ್ಲಿ ನಮ್ಮ ಆ್ಯಪ್ ಹೆಸರಿನ ಫೋಲ್ಡರ್ ಅಳಿಸಿ, ಮತ್ತೆ ಶುರು ಮಾಡಿ. ಮೊದಲ ಸಲ ಪುಟ ನಿಧಾನ ತೆರೆಯುತ್ತೆ, ಗಾಬರಿ ಬೇಡ. ನಮ್ಮ ಮೂಲ ಫೈಲ್‌ಗಳಿರೋ ವೆಬ್‌ಆ್ಯಪ್ಸ್ ಫೋಲ್ಡರ್ ಮಾತ್ರ ಮುಟ್ಟಬೇಡಿ ಮಾರಾಯ್ರೇ! ಸಂಜೆ ಕೌಂಟರ್ ಮುಚ್ಚಿದ ಮೇಲೇ ಮಾಡಿ, ಮಾಡಿದವರು ಇಲ್ಲೊಂದು ಮೆಸೇಜ್ ಹಾಕಿ.