ಹದಿನೇಳು ಕಂತಾದರೂ ಸಾಕು

ಮಾನ್ಯರೇ,

ನಾನು ಮದುವೆ ಹಾಲ್‌ಗಳಲ್ಲಿ ಕೀಬೋರ್ಡ್ ನುಡಿಸುತ್ತೇನೆ. ನಮ್ಮವರದ್ದು ಸ್ಯಾಕ್ಸೋಫೋನ್. ಪರಿಚಯ ಆದದ್ದೇ ಆರ್ಕೆಸ್ಟ್ರಾದಲ್ಲಿ, ಕಾಪುವಿನ ಒಂದು ಮದುವೆಗೆ ಮೈಕ್ ಪರೀಕ್ಷೆ ಮಾಡುವ ಹೊತ್ತಿಗೆ. ಅದಕ್ಕೇ 'ಜೋನಿ ಲವ್ಸ್ ಚಾಚಿ' ಎಂಬ ಹಳೇ ಅಮೆರಿಕನ್ ಹಾಸ್ಯ ಧಾರಾವಾಹಿ ನನಗೆ ಅಷ್ಟು ಇಷ್ಟ.

'ಹ್ಯಾಪಿ ಡೇಸ್' ಎಂಬ ಇನ್ನೊಂದು ಧಾರಾವಾಹಿಯ ಎರಡು ಪಾತ್ರಗಳನ್ನು ಎತ್ತಿಕೊಂಡು 1982ರಲ್ಲಿ ಮಾಡಿದ್ದು ಅದು. ಎರಿನ್ ಮೊರಾನ್, ಸ್ಕಾಟ್ ಬೇಯೋ ಜೋಡಿ. ಪ್ರೀತಿಸುವ ಇಬ್ಬರು ಶಿಕಾಗೋಗೆ ಹೋಗಿ, ಮನೆಯವರ ಹೋಟೆಲಿನಲ್ಲೇ ಹಾಡುತ್ತಾರೆ. ಮೊದಲ 4 ಕಂತುಗಳನ್ನು ಜನ ಮುಗಿಬಿದ್ದು ನೋಡಿದರು. ಆಮೇಲೆ ಪ್ರಸಾರದ ದಿನ ಬದಲಾಯಿತು, ಎದುರಿಗೆ ಬೇರೆ ಚಾನೆಲ್‌ನ 'ಮ್ಯಾಗ್ನಮ್' ಎಂಬ ಪತ್ತೇದಾರಿ ಧಾರಾವಾಹಿ ಇತ್ತು. 1983ರಲ್ಲಿ, 17 ಕಂತಿಗೇ ನಿಂತುಹೋಯಿತು. ನನಗೆ ಈಗಲೂ ಬೇಜಾರು.

ಇಂಥ ಕಥೆ ನಮ್ಮ ಕರಾವಳಿಯಲ್ಲಿ ಇಲ್ವಾ? ಕದ್ರಿ ಗೋಪಾಲನಾಥರ ಊರು ಇದು. ದೇವಸ್ಥಾನದ ಉತ್ಸವಕ್ಕೂ ಮದುವೆಗೂ ಸ್ಯಾಕ್ಸೋಫೋನ್ ಬೇಕೇ ಬೇಕು. ರಾತ್ರಿ ಎರಡಕ್ಕೆ ಕಾರ್ಯಕ್ರಮ ಮುಗಿಸಿ, ಟೆಂಪೋದಲ್ಲಿ ಸ್ಪೀಕರ್ ಪೆಟ್ಟಿಗೆಗಳ ನಡುವೆ ಕೂತು ಬರುವ ಹುಡುಗ ಹುಡುಗಿಯರನ್ನು ನೋಡಿ. ಮಳೆಗಾಲ ಬಂತೆಂದರೆ ಕೆಲಸವೇ ಇಲ್ಲ. ಅವರೂ ಪ್ರೀತಿಸುತ್ತಾರೆ, ಜಗಳ ಆಡುತ್ತಾರೆ, ಶ್ರುತಿ ಸೇರಿಸುತ್ತಾರೆ.

ಕನ್ನಡ ವಾಹಿನಿಯವರು ಇದನ್ನು ದಯವಿಟ್ಟು ಮಾಡಲಿ. ಸಾವಿರ ಕಂತು ಎಳೆಯುವುದು ಬೇಡ. ಹಾಡನ್ನು ಮಾತ್ರ ನುಡಿಸಲು ಬರುವವರಿಂದಲೇ ನುಡಿಸಲಿ. ಸುಮ್ನೆ ಕೈ ಆಡಿಸಿದರೆ ನಮಗೆ ಗೊತ್ತಾಗುತ್ತದೆ.

– ಕೀಬೋರ್ಡ್ ವಾದಕಿ, ಕುಂಜಿಬೆಟ್ಟು, ಉಡುಪಿ