ಹಾಳೂರಿನ ಮಣ್ಣು ಎತ್ತುವ ಮುಂಚೆ ಒಮ್ಮೆ ನೋಡಿ

ಮಾನ್ಯ ಸಂಪಾದಕರೇ,

ಕಲಬುರಗಿ ಕೋಟೆ, ಹಫ್ತ್ ಗುಂಬಜ್, ಬೀದರಿನ ಗವಾನ್ ಮದರಸಾ, ಅಷ್ಟೂರಿನ ಗುಂಬಜ್‌ಗಳ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಬರಲೇಬೇಕು. ಆದರೆ ಆ ಕೋಟೆಗೆ ಕಲ್ಲು ಹೊತ್ತವರು, ಬಹಮನಿ ಸುಲ್ತಾನರ ಕುದುರೆಗೆ ಮೇವು, ದಂಡಿಗೆ ಜೋಳ ಬೆಳೆದು ಕೊಟ್ಟವರು ಎಲ್ಲಿದ್ದರು, ಏನು ಉಂಡರು, ಎಂಥ ಮನೆಯಲ್ಲಿ ಮಲಗಿದರು? ಅದರ ಗುರುತು ಇರುವುದು ನಮ್ಮ ಹಾಳೂರುಗಳಲ್ಲಿ. ಅವೇ ಈಗ ಜೆಸಿಬಿಗೆ ಸಿಕ್ಕು ಟ್ರ್ಯಾಕ್ಟರ್‌ಗಟ್ಟಲೆ ಮಣ್ಣಾಗಿ ಹೋಗುತ್ತಿವೆ. ಈ ಪತ್ರ ಅದಕ್ಕೆ.

ಕಂದಾಯ ದಾಖಲೆಯಲ್ಲಿ ಬೇಚರಾಕ್ ಗ್ರಾಮ ಅಂತ ಇರುತ್ತವಲ್ಲ, ಅಂಥ ಊರುಗಳು ನಮ್ಮ ಭಾಗದಲ್ಲಿ ಬಹಳ. ಜನ ಇಲ್ಲ, ಸರ್ವೆ ನಂಬರ್ ಮಾತ್ರ ಇದೆ. ಒಂದು ಹನುಮಪ್ಪನ ಗುಡಿ, ಹೂತುಹೋದ ಬಾವಿ, ಪಕ್ಕದಲ್ಲಿ ಬೂದಿ ಬಣ್ಣದ ದಿಬ್ಬ. ಬರ ಬಂತೋ, ರೋಗ ಬಂತೋ, ದಂಡು ಬಂತೋ, ನೀರು ಬತ್ತಿತೋ, ಜನ ಗಂಟುಮೂಟೆ ಕಟ್ಟಿಕೊಂಡು ಎದ್ದು ಹೋದರು. ಬಹಮನಿ ಕಾಲದಲ್ಲಿ, 1396ರ ಸುಮಾರಿಗೆ ಶುರುವಾಗಿ ವರ್ಷಗಟ್ಟಲೆ ದಖ್ಖನ್ನಿನ ಹಳ್ಳಿಗಳನ್ನು ಬರಿದು ಮಾಡಿತು ಎಂದು ಹೇಳುವ ದುರ್ಗಾದೇವಿ ಬರ ಅಂಥದ್ದೊಂದು.

ಹಾಳು ಮಣ್ಣು ಹೊಲಕ್ಕೆ ಒಳ್ಳೆಯದು, ಅದು ಸುಳ್ಳಲ್ಲ. ತಲೆಮಾರುಗಳ ಒಲೆಯ ಬೂದಿ, ಸಗಣಿ, ತಿಪ್ಪೆ, ಕುಸಿದ ಮಣ್ಣಿನ ಗೋಡೆ ಎಲ್ಲ ಅದರಲ್ಲಿ ಸೇರಿದೆ. ಹಿಂದೆ ಒಂದು ಚಕ್ಕಡಿ, ಎರಡು ಚಕ್ಕಡಿ ಹೊಡೆಯುತ್ತಿದ್ದರು, ದಿಬ್ಬ ಉಳಿಯುತ್ತಿತ್ತು. ಈಗ ಜೆಸಿಬಿ ನಿಂತರೆ ನಾಲ್ಕು ದಿನದಲ್ಲಿ ಊರಿಗೆ ಊರೇ ನೆಲಸಮ. ರೈತರನ್ನು ಬೈಯುವುದರಲ್ಲಿ ಅರ್ಥವಿಲ್ಲ, ಅವರಿಗೆ ಯಾರೂ ಹೇಳಿಲ್ಲ.

ಜೆಸಿಬಿ ಕಡಿದ ದಿಬ್ಬದ ಬದಿಯನ್ನು ಒಮ್ಮೆ ಹತ್ತಿರ ಹೋಗಿ ನೋಡಿ. ಒಂದು ಪದರ ಗಟ್ಟಿ ಹಳದಿ ಮಣ್ಣು, ಅದು ಮನೆಯ ನೆಲ. ಅದರ ಮೇಲೆ ತೆಳ್ಳಗೆ ಕಪ್ಪು, ಅದು ಒಲೆಯ ಬೂದಿ. ಮತ್ತೆ ನೆಲ, ಮತ್ತೆ ಬೂದಿ. ಕೆಲವು ಕಡೆ ಗಡಿಗೆ ಆಕಾರದ ದೊಡ್ಡ ಗುಂಡಿ, ಒಳಗೆ ಮೆತ್ತನೆಯ ಬೇರೆ ಬಣ್ಣದ ಮಣ್ಣು. ಅದು ಹಗೇವು. ಸುತ್ತಲೂ ದಂಟು, ಹುಲ್ಲು ಒತ್ತಿ, ಜೋಳ ತುಂಬಿ, ಬಾಯಿಗೆ ಮಣ್ಣು ಮೆತ್ತಿ ವರ್ಷಾನುಗಟ್ಟಲೆ ಕಾಳು ಕೆಡದಂತೆ ಇಡುತ್ತಿದ್ದ ಜಾಗ. ಅದರ ತಳದ ಮಣ್ಣನ್ನು ಒಂದು ಬಕೆಟ್ ನೀರಿಗೆ ಹಾಕಿ ಕಲಕಿದರೆ ಸುಟ್ಟು ಕರಕಾದ ಕಾಳು ಇದ್ದರೆ ಮೇಲೆ ತೇಲುತ್ತದೆ. ತೆಳು ಬಟ್ಟೆಯಲ್ಲಿ ಸೋಸಿ, ನೆರಳಲ್ಲಿ ಒಣಗಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜೋಳವೋ, ಸಜ್ಜೆಯೋ, ತೊಗರಿಯೋ ಗೊತ್ತಾಗುತ್ತದೆ. ಮೆಣಸಿನಕಾಯಿ, ಶೇಂಗಾ, ತಂಬಾಕು ನಮ್ಮ ಕಡೆ ಬಂದದ್ದು ಪೋರ್ಚುಗೀಸರ ನಂತರ. ಅಂದರೆ ಬಹಮನಿ ರಾಜ್ಯ ಕಟ್ಟಿದ ಹಸನ್ ಗಂಗು 1347ರಲ್ಲಿ ಪಟ್ಟಕ್ಕೆ ಬಂದಾಗ ಇಲ್ಲಿನ ರೊಟ್ಟಿ ಜೊತೆ ಕೆಂಪು ಖಾರ ಇರಲಿಲ್ಲ, ಶೇಂಗಾ ಹಿಂಡಿ ಇರಲಿಲ್ಲ. ಮತ್ತೆ ಏನಿತ್ತು? ಶಾಸನದಲ್ಲಿ ಅದು ಬರೆದಿರುವುದಿಲ್ಲ. ತಿಪ್ಪೆಯೇ ಹೇಳಬೇಕು.

ಮಡಕೆ ಚೂರೂ ಅಷ್ಟೇ. ಹೊರಗೆ ಮಸಿ ಹಿಡಿದಿದ್ದರೆ ಅಡುಗೆಯದು. ಬಾಯಿಯ ಒಂದು ತುಂಡು ಸಿಕ್ಕರೂ ಅದರ ಬಾಗು ಅಳೆದು ಇಡೀ ಗಡಿಗೆ ಎಷ್ಟು ದೊಡ್ಡದು ಎಂದು ಹೇಳಬಹುದು, ಎಷ್ಟು ಮಂದಿಗೆ ಬೇಯಿಸುತ್ತಿದ್ದರು ಎಂದು ಅಂದಾಜು ಮಾಡಬಹುದು. ಚಪ್ಪಟೆ ಮಣ್ಣಿನ ಹಂಚಿನ ತುಂಡು ಬಂದರೆ ಅಲ್ಲಿ ರೊಟ್ಟಿ ಬಡಿದಿದ್ದಾರೆ. ಬಣ್ಣ ಬಣ್ಣದ ಗೆರೆಯ ಗಾಜಿನ ಬಳೆ ಚೂರನ್ನು ಮಕ್ಕಳು ಆಡಲು ಆರಿಸಿಕೊಳ್ಳುತ್ತಾರೆ. ಕೊಲ್ಹಾಪುರದ ಬ್ರಹ್ಮಪುರಿ ದಿಬ್ಬವನ್ನು 1945–46ರಲ್ಲಿ ಪುರಾತತ್ವಜ್ಞರಾದ ಸಾಂಕಳಿಯಾ ಮತ್ತು ದೀಕ್ಷಿತ್ ಅಗೆದಾಗ ಬಹಮನಿ ಕಾಲದ ಪದರದಲ್ಲಿ ಸಿಕ್ಕ ಸಾಮಾನುಗಳಲ್ಲಿ ಇಂಥ ಬಳೆಗಳೂ ಇದ್ದವು. ನಮ್ಮ ಕಡೆ ಅದನ್ನು ಸುಮ್ನೆ ಕಾಲಲ್ಲಿ ತುಳಿದು ಹೋಗುತ್ತೇವೆ.

ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ 1470ರ ಆಸುಪಾಸಿನಲ್ಲಿ ಬೀದರಿನಲ್ಲಿ ಇದ್ದು ಹೋದವನು. ಅಮೀರರು ಸಿರಿಯಲ್ಲಿ ಮೆರೆಯುತ್ತಾರೆ, ಹಳ್ಳಿ ಜನ ಬಹಳ ಕಷ್ಟದಲ್ಲಿದ್ದಾರೆ ಎಂದು ಅವನೇ ಬರೆದಿದ್ದಾನೆ. ಆ ಅಮೀರರ ಗುಂಬಜ್ ಉಳಿದಿದೆ. ಆ ಹಳ್ಳಿಯವರದು? ಭೀಮಾ ದಂಡೆಯ ಫಿರೋಜಾಬಾದನ್ನೇ ನೋಡಿ. 1400ರ ಸುಮಾರಿಗೆ ಬಹಮನಿ ಸುಲ್ತಾನ ಫಿರೋಜ್ ಷಾ ಕಟ್ಟಿಸಿದ ಊರು. ವಿದ್ವಾಂಸರಾದ ಜಾರ್ಜ್ ಮಿಶೆಲ್, ರಿಚರ್ಡ್ ಈಟನ್ ಅದರ ನಕ್ಷೆ ಮಾಡಿದ್ದರಿಂದ ಅರಮನೆ, ಮಸೀದಿ, ಬಾಗಿಲು ಎಲ್ಲೆಲ್ಲಿ ಅಂತ ಗೊತ್ತು. ಕೋಟೆ ಗೋಡೆಯ ಒಳಗೆ ಈಗ ಹೊಲ, ಪ್ರತಿ ವರ್ಷ ನೇಗಿಲು ಓಡುತ್ತದೆ. ಸಾಮಾನ್ಯರ ಮನೆ ಮಣ್ಣಿನದು, ಅದು ಮೊದಲು ಹೋಗುತ್ತದೆ.

ಉತ್ಖನನ ಮಾಡುವ ಪುರಾತತ್ವದವರದೂ ಒಂದು ತಪ್ಪಿದೆ, ಹೇಳಲೇಬೇಕು. ಅಶೋಕ ಸಿಗಲಿ, ಶಾತವಾಹನ ಸಿಗಲಿ ಅಂತ ಮೇಲಿನ ಐದಾರು ನೂರು ವರ್ಷದ ಪದರವನ್ನು ಎಷ್ಟೋ ಕಡೆ ಬೇಗ ಬೇಗ ತೆಗೆದು ಹಾಕಿದ್ದಾರೆ. ಹಂಪಿ ಕಡೆ ಹಾಗಾಗಲಿಲ್ಲ. ಪುರಾತತ್ವಜ್ಞರಾದ ಕಾರ್ಲಾ ಸಿನೊಪೊಲಿ, ಕ್ಯಾಥ್ಲೀನ್ ಮಾರಿಸನ್ ಅವರ ತಂಡ 1980–90ರ ದಶಕಗಳಲ್ಲಿ ಊರ ಹೊರಗಿನ ಹೊಲ, ಗುಡ್ಡ ನಡೆದು ಕೆರೆ, ದಾರಿ, ಹಳ್ಳಿಯ ಗುರುತು ಎಂದು ನೂರಾರು ಜಾಗ ದಾಖಲು ಮಾಡಿತು. ಜಾಸ್ತಿ ಅಗೆಯಲೂ ಇಲ್ಲ, ನಡೆದರು, ಬರೆದರು. ನಮ್ಮಲ್ಲೂ ಆಗಬಹುದು ಅಲ್ವಾ?

ತಹಶೀಲ್ದಾರ್ ಕಚೇರಿಯಲ್ಲಿ ಬೇಚರಾಕ್ ಗ್ರಾಮಗಳ ಪಟ್ಟಿ ಇದ್ದೇ ಇರುತ್ತದೆ. ಅದನ್ನು ಪುರಾತತ್ವ ಇಲಾಖೆಗೂ ಗುಲಬರ್ಗಾ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೂ ಕೊಡಲಿ. ಹರಗಿದ ಹೊಲದಲ್ಲಿ ಚೂರು ಚೆನ್ನಾಗಿ ಕಾಣುತ್ತದೆ, ಆ ಹೊತ್ತಿಗೆ ವಿದ್ಯಾರ್ಥಿಗಳು ಹೋಗಿ ಫೋಟೊ, ಜಿಪಿಎಸ್ ಗುರುತು ಮಾಡಿಕೊಳ್ಳಲಿ, ಸಿಕ್ಕಿದ್ದನ್ನು ಚೀಲಕ್ಕೆ ತುಂಬಿಕೊಂಡು ಬರುವುದು ಬೇಡ. ಗ್ರಾಮ ಪಂಚಾಯಿತಿಯವರು ಹಾಳು ಮಣ್ಣು ಎತ್ತಲು ಬಿಡುವ ಮುಂಚೆ ಒಂದು ಫೋನ್ ಮಾಡಲಿ. ಕಲಬುರಗಿ, ಬೀದರಿನ ಹಳೆ ಓಣಿಗಳಲ್ಲಿ ನೀರಿನ ಪೈಪಿಗೆ, ಒಳಚರಂಡಿಗೆ ತಗ್ಗು ತೋಡುವಾಗಲೂ ಗೊತ್ತಿದ್ದವರೊಬ್ಬರು ಪಕ್ಕದಲ್ಲಿ ನಿಂತು ನೋಡಲಿ.

ಹೊಲದಲ್ಲಿ ಏನಾದರೂ ಸಿಕ್ಕಿದೆ ಎಂದರೆ ಸರ್ಕಾರ ಹೊಲವನ್ನೇ ಕಿತ್ತುಕೊಳ್ಳುತ್ತದೆ ಎಂಬ ಹೆದರಿಕೆ ರೈತರಲ್ಲಿದೆ. ಕೇಂದ್ರದ ಕಾಯ್ದೆಯ ನೂರು ಮೀಟರ್ ನಿರ್ಬಂಧ ಬರುವುದು ಸಂರಕ್ಷಿತ ಎಂದು ಘೋಷಿಸಿದ ಸ್ಮಾರಕ, ನೆಲೆಗಳಿಗೆ. ಒಂದು ದಿಬ್ಬವನ್ನು ಪಟ್ಟಿಯಲ್ಲಿ ಬರೆದ ಮಾತ್ರಕ್ಕೆ ಹೊಲ ಹೋಗುವುದಿಲ್ಲ. ಇದನ್ನು ಅಧಿಕಾರಿಗಳೇ ಗ್ರಾಮಸಭೆಯಲ್ಲಿ ಬಾಯಿಬಿಟ್ಟು ಹೇಳಬೇಕು, ಇಲ್ಲದಿದ್ದರೆ ಯಾರೂ ಏನೂ ತೋರಿಸುವುದಿಲ್ಲ.

ಮಣ್ಣು ಸಾಗಾಟ ಜೋರಾಗುವುದು ಬೇಸಿಗೆಯಲ್ಲಿ, ಮುಂಗಾರಿಗೆ ಮುಂಚೆ. ಹಾಗಾಗಿ ಮೊದಲ ಪಟ್ಟಿ ಯುಗಾದಿಯೊಳಗೆ ಆಗಬೇಕು. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳ ಜಿಲ್ಲಾಧಿಕಾರಿಗಳು ಇದನ್ನು ಕೈಗೆತ್ತಿಕೊಳ್ಳಲಿ ಎಂದು ಕೇಳಿಕೊಳ್ಳುತ್ತೇನೆ.

– ಒಬ್ಬ ಓದುಗ, ಶಹಾಪುರ ತಾಲ್ಲೂಕು, ಯಾದಗಿರಿ ಜಿಲ್ಲೆ