ಸೋಲಾರ್ ಪ್ಯಾನಲ್ ಬಿಡಿ ಮಾರಾಟ ನಿಲ್ಲಿಸುವ ಕುರಿತು ಗ್ರಾಹಕರಿಗೆ ಪತ್ರ

ಮಾನ್ಯ ಸದಸ್ಯರಿಗೆ ಹಾಗೂ ಗ್ರಾಹಕರಿಗೆ ನಮಸ್ಕಾರಗಳು.

ಬರುವ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಸಹಕಾರ ಸಂಘದ ಸೋಲಾರ್ ವಿಭಾಗವು, ಯಾವ ಬ್ಯಾಟರಿಗೆ ಮತ್ತು ಯಾವ ಚಾರ್ಜ್ ಕಂಟ್ರೋಲರ್‌ಗೆ (ಪ್ಯಾನಲ್ ಮತ್ತು ಬ್ಯಾಟರಿಯ ನಡುವೆ ಇದ್ದು ಚಾರ್ಜನ್ನು ನಿಯಂತ್ರಿಸುವ ಪೆಟ್ಟಿಗೆಗೆ) ಜೋಡಿಸಲಾಗುತ್ತದೆ ಎಂಬುದನ್ನು ತಿಳಿಯದೆ ಪ್ಯಾನಲ್ ಒಂದನ್ನೇ ಬಿಡಿಯಾಗಿ ಮಾರುವುದನ್ನು ನಿಲ್ಲಿಸುತ್ತಿದೆ. 12 ವೋಲ್ಟ್ ಬ್ಯಾಟರಿ ಇರುವ ಮನೆಗಳಿಗೆ 36 ಸೆಲ್‌ಗಿಂತ (ಸೆಲ್ ಎಂದರೆ ಪ್ಯಾನಲ್‌ನಲ್ಲಿ ವಿದ್ಯುತ್ ಉತ್ಪಾದಿಸುವ ಒಂದೊಂದು ಬಿಲ್ಲೆ) ದೊಡ್ಡ ಪ್ಯಾನಲ್ ಬೇಕಾದಲ್ಲಿ ಅದನ್ನು ಎಂಪಿಪಿಟಿ ಕಂಟ್ರೋಲರ್ (ಪ್ಯಾನಲ್‌ನ ಪೂರ್ತಿ ಶಕ್ತಿಯನ್ನು ಬ್ಯಾಟರಿಗೆ ಹೊಂದಿಸಿ ಕೊಡುವ ಬಗೆ; ವಿವರ ಕೆಳಗಿದೆ) ಜೊತೆಯಲ್ಲಿ ಮಾತ್ರ ಕೊಡಲಾಗುವುದು. ಈ ನಿರ್ಧಾರದಿಂದ ಕೆಲವರ ಖರ್ಚು ಹೆಚ್ಚುತ್ತದೆ. ಆದ್ದರಿಂದ ಕಾರಣವನ್ನು ಬಿಡಿಸಿ ಹೇಳಬೇಕಾದದ್ದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಶಿರಸಿ, ಸಿದ್ದಾಪುರ, ಯಲ್ಲಾಪುರ ಭಾಗದ ಹಳೆಯ ಸೋಲಾರ್ ದೀಪದ ವ್ಯವಸ್ಥೆಗಳಲ್ಲಿ ಸಾಮಾನ್ಯವಾಗಿ ಇರುವುದು 36 ಸೆಲ್‌ನ ಪ್ಯಾನಲ್. ಆ ಸಂಖ್ಯೆಯ ಹಿಂದೆ ಲೆಕ್ಕವಿದೆ. 12 ವೋಲ್ಟ್ ಎಂದು ಕರೆಯುವ ಲೆಡ್ ಆ್ಯಸಿಡ್ ಬ್ಯಾಟರಿ ಪೂರ್ತಿ ಚಾರ್ಜ್ ಆಗಬೇಕಾದರೆ ಅದಕ್ಕೆ ಸುಮಾರು 14.4 ವೋಲ್ಟ್ ಸಿಗಬೇಕು. 36 ಸೆಲ್‌ನ ಪ್ಯಾನಲ್ ಗರಿಷ್ಠ ಶಕ್ತಿ ಕೊಡುವುದು ಸುಮಾರು 18 ವೋಲ್ಟ್‌ನಲ್ಲಿ. ಆದರೆ ಅದು ಸೆಲ್‌ನ ತಾಪಮಾನ 25 ಡಿಗ್ರಿ ಇದ್ದಾಗಿನ ಅಳತೆ. ಏಪ್ರಿಲ್ ಮಧ್ಯಾಹ್ನ ಹಂಚಿನ ಮಾಡಿನ ಮೇಲೆ ಸೆಲ್‌ನ ಬಿಸಿ 60 ಡಿಗ್ರಿ ಮುಟ್ಟಿದಾಗ ಆ 18 ವೋಲ್ಟ್ 15.5ರ ಸುಮಾರಿಗೆ ಇಳಿಯುತ್ತದೆ. ತಂತಿಯಲ್ಲಿ ಕಳೆಯುವ ಅರ್ಧ ವೋಲ್ಟ್ ತೆಗೆದರೂ ಬ್ಯಾಟರಿಗೆ ಬೇಕಾದಷ್ಟು ಉಳಿಯುತ್ತದೆ. ಹೆಚ್ಚುವರಿಯಂತೆ ಕಾಣುವ ವೋಲ್ಟೇಜ್ ವ್ಯರ್ಥವಲ್ಲ. ನಮ್ಮ ಬಿಸಿಲಿಗಾಗಿಯೇ ಇಟ್ಟ ಮೀಸಲು ಅದು.

ಈಗ ಪೇಟೆಯಲ್ಲಿ ಹೆಚ್ಚಾಗಿ, ಮತ್ತು ವ್ಯಾಟ್ ಲೆಕ್ಕದಲ್ಲಿ ಅಗ್ಗವಾಗಿ, ಸಿಗುತ್ತಿರುವುದು 72 ಸೆಲ್‌ನ 330 ವ್ಯಾಟ್ ಪ್ಯಾನಲ್‌ಗಳು ಮತ್ತು 144 ಅರ್ಧ ಸೆಲ್‌ಗಳ 540 ವ್ಯಾಟ್ ಪ್ಯಾನಲ್‌ಗಳು. ಇವು ಚಾವಣಿಯ ಮೇಲೆ ಸಾಲಾಗಿ ಜೋಡಿಸಿ ಗ್ರಿಡ್‌ಗೆ ವಿದ್ಯುತ್ ಕಳುಹಿಸುವ ಕೆಲಸಕ್ಕೆ ತಯಾರಾದವು. ಒಂಟಿ 12 ವೋಲ್ಟ್ ಬ್ಯಾಟರಿಯನ್ನು ಗಮನದಲ್ಲಿಟ್ಟು ತಯಾರಾದವಲ್ಲ. 330 ವ್ಯಾಟ್‌ನದು ಸುಮಾರು 37 ವೋಲ್ಟ್‌ನಲ್ಲಿ 9 ಆಂಪಿಯರ್‌ನಷ್ಟು ಕೊಡುತ್ತದೆ. ಮನೆಯಲ್ಲಿರುವ ಹಳೆಯ ಪಿಡಬ್ಲ್ಯೂಎಂ ಕಂಟ್ರೋಲರ್ ಮಾಡುವುದು ಪ್ಯಾನಲನ್ನು ಬ್ಯಾಟರಿಗೆ ನೇರವಾಗಿ ಸೇರಿಸುವ, ತುಂಬಿದಾಗ ಬಿಡಿಸುವ ಕೆಲಸ ಮಾತ್ರ. ಹೀಗೆ ಸೇರಿಸಿದೊಡನೆ ಪ್ಯಾನಲ್‌ನ ವೋಲ್ಟೇಜ್ ಬ್ಯಾಟರಿಯ ಮಟ್ಟಕ್ಕೆ, ಎಂದರೆ 13ರ ಆಸುಪಾಸಿಗೆ, ಕುಸಿಯುತ್ತದೆ. ಆಂಪಿಯರ್ ಮಾತ್ರ 9ರಲ್ಲೇ ನಿಲ್ಲುತ್ತದೆ. ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿದರೆ ವ್ಯಾಟ್; 13ನ್ನು 9ರಿಂದ ಗುಣಿಸಿದರೆ ಸಿಗುವುದು 117. ಗ್ರಾಹಕರು 330 ವ್ಯಾಟ್‌ಗೆ ಹಣ ಕೊಟ್ಟು 120 ವ್ಯಾಟ್ ಕೂಡ ಪಡೆಯದಿರುವುದು ನಮಗೆ ಒಪ್ಪಿತವಲ್ಲ. ಇಷ್ಟಲ್ಲದೆ, 12 ವೋಲ್ಟ್‌ಗೆಂದೇ ತಯಾರಾದ ಹಲವು ಸಣ್ಣ ಕಂಟ್ರೋಲರ್‌ಗಳು, ಬ್ಯಾಟರಿ ತುಂಬಿ ಪ್ಯಾನಲನ್ನು ಬಿಡಿಸಿದಾಗ ಮತ್ತೆ ಏರುವ ವೋಲ್ಟೇಜನ್ನು ತಡೆಯಲಾರದೆ ಸುಟ್ಟುಹೋಗುತ್ತವೆ.

ಎಂಪಿಪಿಟಿ ಕಂಟ್ರೋಲರ್ ಪ್ಯಾನಲನ್ನು ಅದಕ್ಕೆ ಅನುಕೂಲವಾದ ವೋಲ್ಟೇಜ್‌ನಲ್ಲಿಯೇ ದುಡಿಸಿ, ಹೆಚ್ಚಿನ ವೋಲ್ಟೇಜನ್ನು ಇಳಿಸಿ, ಅದಕ್ಕೆ ತಕ್ಕಂತೆ ಆಂಪಿಯರನ್ನು ಏರಿಸಿ ಬ್ಯಾಟರಿಗೆ ಕೊಡುತ್ತದೆ. ಒಳ್ಳೆಯ ಬಿಸಿಲಿನಲ್ಲಿ ಅದೇ ಪ್ಯಾನಲ್‌ನಿಂದ 20 ಆಂಪಿಯರ್ ಸಿಗುವುದು ಸಾಧ್ಯ. ಇದರ ಬೆಲೆ ಪಿಡಬ್ಲ್ಯೂಎಂಗಿಂತ ಎಷ್ಟೋ ಪಟ್ಟು ಹೆಚ್ಚು ಎಂಬುದು ನಿಜ. ಆದರೂ ಶಕ್ತಿಯ ಮೂರರಲ್ಲಿ ಎರಡು ಪಾಲು ಮಾಡಿನ ಮೇಲೆಯೇ ಉಳಿದುಹೋಗುವುದಕ್ಕೆ ಹೋಲಿಸಿದರೆ ಈ ಖರ್ಚು ಸಾರ್ಥಕವೆಂದು ನಾವು ಖಚಿತವಾಗಿ ಹೇಳುತ್ತೇವೆ.

ಹಲವರು ಕೇಳುವ ಇನ್ನೊಂದು ದಾರಿಯೆಂದರೆ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 24 ವೋಲ್ಟ್ ಮಾಡಿಕೊಳ್ಳುವುದು. 72 ಸೆಲ್‌ನ ಪ್ಯಾನಲ್‌ಗೆ ಇದು ಸರಿಯಾದ ಜೋಡಿ. ಅಲ್ಲಿ 24 ವೋಲ್ಟ್‌ಗೆ ತಕ್ಕ ಪಿಡಬ್ಲ್ಯೂಎಂ ಕಂಟ್ರೋಲರ್ ಸಾಕು. 60 ಸೆಲ್‌ನ ಪ್ಯಾನಲ್‌ಗೆ ಮಾತ್ರ ಇದು ಸಲ್ಲದು. ಅದರ 31 ವೋಲ್ಟ್ ಕಾಗದದ ಮೇಲೆ ಸಾಕೆನಿಸಿದರೂ ಬೇಸಿಗೆಯಲ್ಲಿ 27ರ ಕೆಳಗೆ ಇಳಿಯುತ್ತದೆ, ಬ್ಯಾಟರಿ ಬೇಡುವುದು 28.8. ಚಾರ್ಜ್‌ನ ಕೊನೆಯ ಹಂತದಲ್ಲಿ ಕರೆಂಟ್ ಕುಸಿದು, ಬ್ಯಾಟರಿ ದಿನವೂ ಅರೆಹೊಟ್ಟೆಯಲ್ಲಿ ಉಳಿದು, ಪ್ಲೇಟ್‌ಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ, ಮಳೆಗಾಲ ಮುಗಿಯುವುದರೊಳಗೆ ಬ್ಯಾಟರಿ ಸೋಲುವ ಸಂಭವವಿದೆ.

ಚಳಿಯ ವಿಷಯವನ್ನೂ ಹೇಳಬೇಕು. ಬಿಸಿಯಲ್ಲಿ ಇಳಿಯುವ ವೋಲ್ಟೇಜ್ ಚಳಿಯಲ್ಲಿ ಏರುತ್ತದೆ. 540 ವ್ಯಾಟ್ ಪ್ಯಾನಲ್‌ನ ಹಿಂದೆ ವಿಓಸಿ (ಏನನ್ನೂ ಜೋಡಿಸದಿದ್ದಾಗಿನ ವೋಲ್ಟೇಜ್) 49.5 ಎಂದು ಬರೆದಿದ್ದರೆ, ತಾಪಮಾನ 12 ಡಿಗ್ರಿ ಇರುವ ಮಾಗಿಯ ಬೆಳಗ್ಗೆ ಬಿಸಿಲು ಬಿದ್ದ ಕೂಡಲೇ ಅದು 51 ದಾಟುತ್ತದೆ; 50 ವೋಲ್ಟ್ ಮಿತಿಯ ಕಂಟ್ರೋಲರ್ ಅಲ್ಲಿಗೆ ಅಪಾಯಕ್ಕೆ ಸಿಲುಕುತ್ತದೆ. ಆದ್ದರಿಂದ ಇಂತಹ ಪ್ಯಾನಲ್‌ಗೆ ನಾವು 100 ವೋಲ್ಟ್ ತಡೆಯುವ ಕಂಟ್ರೋಲರನ್ನೇ ಕೊಡುತ್ತೇವೆ, ಮತ್ತು ಬ್ಯಾಟರಿ ತಯಾರಕರು ಹೇಳಿದ ಮಿತಿಯನ್ನು ಚಾರ್ಜಿಂಗ್ ಕರೆಂಟ್ ಮೀರದಂತೆ ಹೊಂದಿಸಿ ಕೊಡುತ್ತೇವೆ.

ಈಗಾಗಲೇ 36 ಸೆಲ್‌ನ ಪ್ಯಾನಲ್, 12 ವೋಲ್ಟ್ ಬ್ಯಾಟರಿ ಮತ್ತು ಪಿಡಬ್ಲ್ಯೂಎಂ ಕಂಟ್ರೋಲರ್ ಇರುವವರು ಏನನ್ನೂ ಬದಲಾಯಿಸಬೇಕಾಗಿಲ್ಲ. ಅದು ಹೊಂದಿಕೆಯಾದ ಜೋಡಣೆ. ಅದನ್ನು ಹಿಗ್ಗಿಸಬೇಕೆಂದಾಗ ಅದೇ ಬಗೆಯ ಇನ್ನೊಂದು ಪ್ಯಾನಲನ್ನು ಸಮಾಂತರವಾಗಿ ಸೇರಿಸುವುದು, ಕಂಟ್ರೋಲರ್‌ನ ಆಂಪಿಯರ್ ಮಿತಿಯೊಳಗೆ ಇರುವವರೆಗೆ, ಉತ್ತಮ. 72 ಸೆಲ್‌ನದನ್ನು ಅದರ ಪಕ್ಕದಲ್ಲಿ ಜೋಡಿಸಿದರೆ ದೊಡ್ಡದು ಚಿಕ್ಕದರ ವೋಲ್ಟೇಜ್‌ಗೇ ಇಳಿದು ದುಡಿಯುತ್ತದೆ.

ಹೊಸ ಪ್ಯಾನಲ್ ಬೇಕಾದವರು ಹಳೆಯ ಪ್ಯಾನಲ್‌ನ ಹಿಂದಿನ ಚೀಟಿ, ಕಂಟ್ರೋಲರ್‌ನ ಮುಖ ಮತ್ತು ಬ್ಯಾಟರಿಯ ಮೇಲಿನ ಬರಹ, ಈ ಮೂರರ ಫೋಟೋಗಳನ್ನು ಮೊಬೈಲ್‌ನಲ್ಲಿ ತೆಗೆದು ಸಂಘದ ಕಚೇರಿಗೆ ತರಬೇಕಾಗಿ ವಿನಂತಿ. ಚೀಟಿ ಮಾಸಿಹೋಗಿದ್ದರೆ ನಮ್ಮ ತಂತ್ರಜ್ಞರು ಮನೆಗೆ ಬಂದು ಅಳೆಯುತ್ತಾರೆ, ಅದಕ್ಕೆ ಶುಲ್ಕವಿಲ್ಲ. ಅವರು ಬರುವ ಮೊದಲು ತಾವಾಗಿ ತಂತಿ ಬಿಚ್ಚುವುದು ಬೇಡ. ಬಿಚ್ಚಲೇಬೇಕಾದರೆ ಮೊದಲು ಪ್ಯಾನಲ್‌ನ ತಂತಿಯನ್ನು, ನಂತರ ಬ್ಯಾಟರಿಯದನ್ನು ತೆಗೆಯಬೇಕು, ಮರಳಿ ಜೋಡಿಸುವಾಗ ಬ್ಯಾಟರಿಯಿಂದ ಆರಂಭಿಸಬೇಕು.

ಇತಿ ತಮ್ಮ ವಿಶ್ವಾಸಿ,
ವ್ಯವಸ್ಥಾಪಕರು, ಸೋಲಾರ್ ವಿಭಾಗ